ಬರವಣಿಗೆಯ ಅಂಕವೂ ಕಾಲೇಜಿನ ಬಾಗಿಲೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಣಗೋಷ್ಠಿಯಲ್ಲಿ ಕೊಟ್ಟ ಉಪನ್ಯಾಸ)



ಕಕ್ಕೇರಾ ಪಟ್ಟಣದಲ್ಲಿಯೂ ಅದರ ಸುತ್ತಣ ಹಳ್ಳಿ ತಾಂಡೆಗಳಲ್ಲಿಯೂ ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ದಿನದಿಂದ ಕಾಲೇಜುಗಳು ತೆರೆಯುವ ವರೆಗೆ ಮನೆಮನೆಯ ಕಟ್ಟೆಯ ಮೇಲೆ ಒಂದೇ ವಿಚಾರವು ನಡೆದಿರುವದು. ಹುಡುಗನಿಗೆ ಯಾವ ಕಾಲೇಜಿನಲ್ಲಿ ಸ್ಥಳ ದೊರೆತೀತು, ಹುಡುಗಿಯ ಅಂಕಗಳು ಆಕೆಯನ್ನು ಎಲ್ಲಿಯ ವರೆಗೆ ಒಯ್ದಾವು ಎಂಬದೇ ಆ ವಿಚಾರ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುವದು: “ಕನ್ನಡದ ಅಂಕ ತಗೊಂಡು ಏನ್ ಮಾಡೂದದ? ಗಣಿತ, ವಿಜ್ಞಾನ ಛಲೋ ಮಾಡಿದ್ರ ಸಾಕು.” ಈ ಮಾತನ್ನು ಆಡುವವರು ವಿದ್ಯೆಯ ದ್ವೇಷಿಗಳಲ್ಲ, ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸಬೇಕೆಂಬವರೇ ಅದನ್ನು ಆಡುವರು. ಆದದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕದೆ, ಅದರಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬದನ್ನು ಲೆಕ್ಕ ಹಿಡಿದು ನೋಡುವದೇ ಈ ಉಪನ್ಯಾಸದ ಉದ್ದೇಶವಾಗಿರುವದು.

ಮೊದಲು ಸತ್ಯವಾದ ಭಾಗವನ್ನು ಒಪ್ಪಿಕೊಳ್ಳುವದು ಲೇಸು. ಪದವಿಪೂರ್ವ ತರಗತಿಗಳನ್ನು ಮುಗಿಸಿದ ಮೇಲೆ ಇಂಜಿನಿಯರಿಂಗ್ ವಿದ್ಯೆಗೆ ಹೋಗಬಯಸುವವನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿ.ಇ.ಟಿ.ಯನ್ನು ಬರೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇವುಗಳಲ್ಲಿ ವಿಷಯಕ್ಕೆ ೬೦ರಂತೆ ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು. ಸರಿಯಾದುದರ ಮುಂದಿನ ವರ್ತುಲಕ್ಕೆ ಮಸಿ ತುಂಬುವದಷ್ಟೇ ವಿದ್ಯಾರ್ಥಿಯ ಕೆಲಸ. ಆ ಪರೀಕ್ಷೆಯ ಅಂಕಗಳಿಗೆ ಅರ್ಧ, ದ್ವಿತೀಯ ಪಿ.ಯು.ಸಿ.ಯಲ್ಲಿ ಅವೇ ಮೂರು ವಿಷಯಗಳ ಅಂಕಗಳಿಗೆ ಅರ್ಧ ತೂಕ ಕೊಟ್ಟು ಶ್ರೇಣಿಯನ್ನು ಕಟ್ಟುವರು. ಅದರಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ವೈದ್ಯವಿದ್ಯೆಗೆ ಹೋಗುವವನಿಗೆ ನೀಟ್ ಎಂಬ ಅಖಿಲ ಭಾರತ ಪರೀಕ್ಷೆಯೊಂದೇ ಗತಿ. ೭೨೦ ಅಂಕಗಳ ಆ ಪರೀಕ್ಷೆಯನ್ನು ೨೦೧೭ರಿಂದ ಕನ್ನಡದಲ್ಲಿಯೂ ಓದಿ ಉತ್ತರಿಸಬಹುದು, ಆದರೆ ಒಂದು ವಾಕ್ಯವನ್ನಾದರೂ ಬರೆಯುವ ಪ್ರಸಂಗವು ಅಲ್ಲಿ ಬರುವದಿಲ್ಲ. ಕನ್ನಡದಲ್ಲಿ ೯೫ ಅಂಕ ಪಡೆದವನೂ ೫೦ ಪಡೆದವನೂ ಈ ಎರಡು ತಕ್ಕಡಿಗಳಲ್ಲಿ ಸರಿಸಮಾನರು. ಭಾಷಾ ವಿಷಯಗಳಲ್ಲಿ ಉತ್ತೀರ್ಣನಾಗಿರಬೇಕೆಂಬದೊಂದೇ ಕಟ್ಟಳೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸತಕ್ಕದ್ದು. ಒಂದರಿಂದ ಹತ್ತನೆಯ ತರಗತಿಯ ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ.ಯ ಸ್ಥಳಗಳಲ್ಲಿ ಶೇಕಡಾ ೫ರ ಮೀಸಲಾತಿ ಉಂಟು. ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ ೧೫ ಉಂಟು. ಸಂವಿಧಾನದ ೩೭೧ (ಜೆ) ವಿಧಿಯು ೨೦೧೨ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ತರುವಾಯ, ಇಂದು ಕಲ್ಯಾಣ ಕರ್ನಾಟಕವೆನ್ನಿಸಿಕೊಳ್ಳುವ ಈ ಸೀಮೆಯ ವಿದ್ಯಾರ್ಥಿಗಳಿಗೆ ಇಲ್ಲಿಯ ಕಾಲೇಜುಗಳಲ್ಲಿ ಶೇಕಡಾ ೭೦ರಷ್ಟೂ, ರಾಜ್ಯದ ಇತರ ಕಾಲೇಜುಗಳಲ್ಲಿ ಶೇಕಡಾ ೮ರಷ್ಟೂ ಸ್ಥಳಗಳು ಮೀಸಲಾದವು. ಕನ್ನಡದಲ್ಲಿ ಓದಿದ್ದಕ್ಕೆ ಸರಕಾರವು ಬೆಲೆ ಕಟ್ಟಿರುವದು. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬರೆಯಬಲ್ಲನೆಂಬದಕ್ಕೆ ಮಾತ್ರ ಈ ಬಾಗಿಲಿನಲ್ಲಿ ಬೆಲೆಯಿಲ್ಲ. ಗಡಿನಾಡಿನ ಕನ್ನಡಿಗರ ಸ್ಥಿತಿಯು ಇದಕ್ಕೆ ವಿಪರೀತವಾಗಿರುವದು. ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಮೊದಲಾದ ಕಡೆಗಳಿಂದ ಗಡಿನಾಡ ಕನ್ನಡಿಗರೆಂದು ಸಿ.ಇ.ಟಿ.ಗೆ ಬರುವ ಮಕ್ಕಳು ೫೦ ಅಂಕಗಳ ಬೇರೊಂದು ಕನ್ನಡ ಪರೀಕ್ಷೆಯನ್ನು ಕೊಟ್ಟು ಕನಿಷ್ಠ ೧೨ ಅಂಕಗಳನ್ನಾದರೂ ಗಳಿಸಬೇಕು. ಗಳಿಸದಿದ್ದರೆ ಆ ಅರ್ಹತೆಯೇ ಇಲ್ಲ; ೫೦ಕ್ಕೆ ೫೦ ಗಳಿಸಿದರೂ ಶ್ರೇಣಿಯಲ್ಲಿ ಒಂದು ಮೆಟ್ಟಿಲು ಕೂಡ ಮೇಲೇರುವದಿಲ್ಲ. ಅಲ್ಲಿ ಕನ್ನಡವು ಹೊಸ್ತಿಲಾಗಿದೆ, ಏಣಿಯಾಗಿಲ್ಲ. ಕಕ್ಕೇರಾದ ಹುಡುಗನಿಗೂ ಅದು ಹೊಸ್ತಿಲೇ. ಆದರೆ ಆ ಹೊಸ್ತಿಲು ಎರಡು ವರ್ಷ ಮೊದಲೇ, ಹತ್ತನೆಯ ತರಗತಿಯಲ್ಲಿಯೇ ಬರುವದೆಂಬದನ್ನು ಬಹಳ ಜನರು ಮರೆಯುವರು.

ಭ್ರಮೆಯ ಭಾಗವು ಇಲ್ಲಿಂದಲೇ ಆರಂಭವಾಗುವದು. ಕಾಲೇಜು ಎಂದೊಡನೆ ಇಂಜಿನಿಯರಿಂಗ್, ವೈದ್ಯಕೀಯ ಎಂದೇ ಜನರು ಎಣಿಸುವರು. ಆದರೆ ಹಳ್ಳಿಯ ಹುಡುಗನು ತಟ್ಟುವ ಮೊದಲನೆಯ ಬಾಗಿಲು ಪದವಿಪೂರ್ವ ಕಾಲೇಜಿನದು. ಆ ಬಾಗಿಲಿನಲ್ಲಿ ಕೇಳುವದು ಎಸ್.ಎಸ್.ಎಲ್.ಸಿ.ಯ ಒಟ್ಟು ಅಂಕಗಳನ್ನು. ೨೦೨೫ರ ಪರೀಕ್ಷೆಯ ಲೆಕ್ಕವನ್ನೇ ತೆಗೆದುಕೊಂಡರೆ ಒಟ್ಟು ಅಂಕಗಳು ೬೨೫. ಅವುಗಳಲ್ಲಿ ಪ್ರಥಮ ಭಾಷೆಗೆ ೧೨೫, ಉಳಿದ ಐದು ವಿಷಯಗಳಿಗೆ ನೂರು ನೂರು. ಅಂದರೆ ಒಟ್ಟಿನಲ್ಲಿ ಐದನೆಯ ಒಂದು ಪಾಲು ಪ್ರಥಮ ಭಾಷೆಯದು. ಗಣಿತಕ್ಕಿಂತ ಅದರ ತೂಕ ಹೆಚ್ಚು, ವಿಜ್ಞಾನಕ್ಕಿಂತಲೂ ಹೆಚ್ಚು. ಕನ್ನಡದಲ್ಲಿ ೨೫ ಅಂಕಗಳನ್ನು ಕಳೆದುಕೊಂಡವನು ಒಟ್ಟು ಫಲಿತಾಂಶದಲ್ಲಿ ಶೇಕಡಾ ೪ನ್ನು ಕಳೆದುಕೊಂಡಂತಾಯಿತು. ವಿಜ್ಞಾನ ವಿಭಾಗದಲ್ಲಿ ಸ್ಥಳ ಬಯಸಿ ಕಲಬುರ್ಗಿಗೋ ಮಂಗಳೂರಿಗೋ ಅರ್ಜಿ ಹಾಕಿದ ಹುಡುಗಿಗೆ ಶೇಕಡಾ ನಾಲ್ಕು ಎಂಬದು ಸಣ್ಣ ಸಂಖ್ಯೆಯಲ್ಲ. ಒಳಗಿರುವವರಿಗೂ ಹೊರಗುಳಿಯುವವರಿಗೂ ನಡುವಿನ ಅಂತರವು ಅನೇಕ ವೇಳೆ ಅದಕ್ಕಿಂತ ಕಿರಿದಾಗಿರುವದು. ಕೆಲವು ಖಾಸಗಿ ಕಾಲೇಜುಗಳು ಗಣಿತ, ವಿಜ್ಞಾನಗಳ ಅಂಕಗಳನ್ನು ಬೇರೆ ತೆಗೆದು ನೋಡುವದುಂಟು. ಹಾಗಿದ್ದರೂ ಒಟ್ಟು ಅಂಕವನ್ನು ನೋಡದ ಕಾಲೇಜು ವಿರಳ.

ಗಣಿತದಲ್ಲಿ ೯೦ರಿಂದ ೯೫ಕ್ಕೆ ಏರಲು ತಂದೆಯು ಟ್ಯೂಷನ್ನಿಗೆ ಸಾವಿರಗಟ್ಟಲೆ ಹಣ ಸುರಿಯುವನು. ಕನ್ನಡದಲ್ಲಿ ೮೫ರಿಂದ ೧೧೦ಕ್ಕೆ ಏರಲು ಒಂದು ನೋಟುಬುಕ್ಕೂ ತಪ್ಪು ತಿದ್ದುವ ಒಬ್ಬ ಗುರುವೂ ಇದ್ದರೆ ಸಾಕಾದೀತು ಎಂಬದು ಅವನ ಲಕ್ಷ್ಯಕ್ಕೆ ಬರುವದಿಲ್ಲ.

ಈ ಮಾತನ್ನು ಯಾದಗಿರಿ ಜಿಲ್ಲೆಯಲ್ಲಿ ನಿಂತು ಆಡುವಾಗ ಅದಕ್ಕೆ ಬೇರೊಂದು ಗಾಂಭೀರ್ಯವು ಬರುವದು. ೨೦೦೯ರ ಕೊನೆಯಲ್ಲಿ ಕಲಬುರ್ಗಿಯಿಂದ ಬೇರ್ಪಟ್ಟು ಉದಯಿಸಿದ ಈ ಜಿಲ್ಲೆಯ ಸಾಕ್ಷರತೆಯು ೨೦೧೧ರ ಜನಗಣತಿಯಲ್ಲಿ ಶೇಕಡಾ ೫೧.೮೩ ಇದ್ದು, ಇಡೀ ಕರ್ನಾಟಕದಲ್ಲಿ ಅತ್ಯಂತ ಕಡಿಮೆಯಾಗಿದ್ದಿತು. ೨೦೨೩ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಚಿತ್ರದುರ್ಗವು ಶೇಕಡಾ ೯೬.೮೦ರೊಂದಿಗೆ ಮೊದಲನೆಯದಾದರೆ, ಯಾದಗಿರಿಯು ಶೇಕಡಾ ೭೫.೪೯ರೊಂದಿಗೆ ಕಡೆಯದಾಯಿತು. ೨೦೨೪ರಲ್ಲಿ ಉಡುಪಿಗೆ ಶೇಕಡಾ ೯೪, ಯಾದಗಿರಿಗೆ ೫೦.೫೯, ಮತ್ತೆ ಕಡೆಯ ಸ್ಥಾನ. ೨೦೨೫ರಲ್ಲಿ ಆ ಕಡೆಯ ಸ್ಥಾನವು ನೆರೆಯ ಕಲಬುರ್ಗಿಯ ಪಾಲಿಗೆ ಹೋಯಿತು. ಆದರೆ ಅದೇ ವರ್ಷದ ದ್ವಿತೀಯ ಪಿ.ಯು.ಸಿ.ಯಲ್ಲಿ ಶೇಕಡಾ ೪೮.೪೫ರೊಂದಿಗೆ ಯಾದಗಿರಿಯೇ ಕೆಳಗಿದ್ದಿತು. ಇವು ಹಾಳೆಯ ಮೇಲಿನ ಅಂಕಿಗಳು. ಆದರೆ ಪ್ರತಿಯೊಂದು ಅಂಕಿಯ ಹಿಂದೆ ಮುಂದಿನ ವಾರವೇ ಬೆಂಗಳೂರಿನ ಬಸ್ಸು ಹತ್ತಿ ಕಟ್ಟಡದ ಕೆಲಸಕ್ಕೆ ಹೋದ ಹುಡುಗರಿರುವರು, ಲಗ್ನದ ಮಾತು ಎದ್ದ ಹುಡುಗಿಯರಿರುವರು.

೨೦೨೪ರ ಇಳಿತದ ಕಾರಣವು ಗೂಢವಾದುದಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ಎಂಬ ಕ್ರಮದಿಂದ ದೂರದಿಂದಲೇ ಕಣ್ಣಿಟ್ಟರು. ನಕಲಿನ ಚೀಟಿಗಳು ಹೊರಗೆ ಉಳಿದವು. ಮಗುವಿನ ಸ್ವಂತ ಕೈಯೊಂದೇ ಒಳಗೆ ಹೋಯಿತು. ರಾಜ್ಯದಾದ್ಯಂತ ಫಲಿತಾಂಶವು ಎಷ್ಟು ಕುಸಿಯಿತೆಂದರೆ ಕೃಪಾಂಕವನ್ನು ಶೇಕಡಾ ೧೦ರಿಂದ ೨೦ಕ್ಕೆ ಏರಿಸಬೇಕಾಯಿತು. ಶ್ರೀಮಠದ ಸದ್ಭಕ್ತರಿಗೆ ಕೃಪೆಯೆಂಬ ಶಬ್ದವು ಹೊಸತಲ್ಲ. ಆದರೆ ಅಂಕಪಟ್ಟಿಯ ಮೇಲಿನ ಕೃಪೆಗೆ ಆಯುಷ್ಯ ಕಡಿಮೆ, ೨೦೨೫ರ ಪರೀಕ್ಷೆಗೆ ಅದನ್ನು ಹಿಂತೆಗೆದುಕೊಂಡರು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಮಕ್ಕಳು ಹೆಚ್ಚಾಗಿ ಎಡವುವದು ಗಣಿತದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡಕ್ಕೂ ಈ ಕುಸಿತಕ್ಕೂ ಏನು ಸಂಬಂಧ ಎಂದು ಕೇಳುವವರಿರುವರು. ಸಂಬಂಧವಿದೆ. ಎಸ್.ಎಸ್.ಎಲ್.ಸಿ.ಯ ಯಾವ ಪ್ರಶ್ನಪತ್ರಿಕೆಯನ್ನು ತೆಗೆದು ನೋಡಿದರೂ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ಕೆಲವೇ. ಉಳಿದವೆಲ್ಲ ಬರೆದು ಉತ್ತರಿಸತಕ್ಕವು. ಕಣ್ಣಿನ ರಚನೆಯನ್ನು ವಿವರಿಸು ಎಂಬಲ್ಲಿ, ೧೮೫೭ರ ಹೋರಾಟಕ್ಕೆ ಕಾರಣಗಳನ್ನು ಕೊಡು ಎಂಬಲ್ಲಿ, ಕನ್ನಡ ಮಾಧ್ಯಮದ ಹುಡುಗನು ಬರೆಯುವದು ಕನ್ನಡ ವಾಕ್ಯಗಳನ್ನೇ. ವಿಷಯವು ಗೊತ್ತಿದ್ದು ವಾಕ್ಯವು ಬಾರದವನು ಅಲ್ಲಿಯೂ ಅರ್ಧ ಅಂಕಗಳನ್ನು ಬಿಟ್ಟು ಬರುವನು. ಆದದ್ದರಿಂದ ಬರವಣಿಗೆಯ ತೂಕವು ಅಂಕಪಟ್ಟಿಯ ಮೊದಲನೆಯ ಸಾಲಿನ ೧೨೫ರಲ್ಲಿ ಮುಗಿಯುವದಿಲ್ಲ. ಕೆಳಗಿನ ಸಾಲುಗಳಲ್ಲಿಯೂ ಅದು ಬೇರೆ ಹೆಸರಿನಿಂದ ಹರಡಿಕೊಂಡಿರುವದು.

ಹಾಗಾದರೆ ಕನ್ನಡ ನಾಡಿನ ಮಧ್ಯದಲ್ಲಿ ಹುಟ್ಟಿದ ಮಗುವಿಗೆ ಕನ್ನಡ ವಾಕ್ಯವೇಕೆ ಕಷ್ಟವಾಗಬೇಕು? ಇದನ್ನು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಏಕೆಂದರೆ ಮಗುವನ್ನು ದಡ್ಡನೆಂದು ಬೈಯುವ ಹಿರಿಯರು ಈ ಕಾರಣವನ್ನು ಅರಿತರೆ ಬೈಯಲಾರರು. ಕಕ್ಕೇರಾದ ಮಗುವು ಮನೆಯಲ್ಲಿ ‘ಅಪ್ಪ ಹೊಲಕ್ಕ ಹೋಗ್ಯಾನ’, ‘ಮಳಿ ಬರಾಕತ್ತದ’, ‘ಹ್ಯಾಂಗ ಮಾಡ್ಬೇಕು’ ಎಂದು ಕೇಳುತ್ತ ಆಡುತ್ತ ಬೆಳೆಯುವದು. ಪುಸ್ತಕದಲ್ಲಿ ಅದು ‘ಹೋಗಿದ್ದಾನೆ’, ‘ಮಳೆ ಬರುತ್ತಿದೆ’, ‘ಹೇಗೆ ಮಾಡಬೇಕು’ ಎಂದಿರುವದು. ಕ್ರಿಯಾಪದದ ತುದಿ ಬೇರೆ, ವಿಭಕ್ತಿಯ ಪ್ರತ್ಯಯ ಬೇರೆ, ಶಬ್ದದ ಕೊನೆಯ ಸ್ವರವೂ ಬೇರೆ. ಮಗುವು ತನ್ನ ಕಿವಿಗೆ ನಿಷ್ಠನಾಗಿ ಬರೆದರೆ ಮೌಲ್ಯಮಾಪಕನ ಕೆಂಪು ಶಾಯಿ ಅದರ ಮೇಲೆ ಬೀಳುವದು. ಈ ನಾಡಿನ ಮಾತು ಕೀಳಲ್ಲ. ಅದರ ಬಿಗುವೂ ಸವಿಯೂ ಬೇರೆಯವರಿಗೆ ಬಾರದು. ಆದರೆ ಮಗುವು ಎರಡು ಕನ್ನಡಗಳನ್ನು ಕಲಿಯಬೇಕಾಗಿದೆ ಎಂಬದನ್ನು ಶಾಲೆಯು ಬಾಯಿಬಿಟ್ಟು ಹೇಳುವದಿಲ್ಲ. ಮೈಸೂರು ಸೀಮೆಯ ಮಗುವಿಗೂ ಈ ಅಂತರವು ಇದ್ದೇ ಇರುವದು, ಆದರೆ ಇಷ್ಟು ಅಗಲವಾಗಿಲ್ಲ. ಇನ್ನು ತಾಂಡೆಗಳಲ್ಲಿ ಮನೆಯ ಮಾತು ಲಂಬಾಣಿ. ಪಟ್ಟಣದ ಅನೇಕ ಮನೆಗಳಲ್ಲಿ ಅದು ಉರ್ದು. ಅಂತಹ ಮಗುವಿಗೆ ‘ಪ್ರಥಮ ಭಾಷೆ’ ಎಂಬ ಹೆಸರಿನ ಪತ್ರಿಕೆಯು ನಿಜವಾಗಿ ಎರಡನೆಯ ಭಾಷೆಯದು. ಆಡುಮಾತಿನಿಂದ ಬರೆಹದ ಮಾತಿಗೆ ಸೇತುವೆಯನ್ನು ಕಟ್ಟಬೇಕಾದದ್ದು ಗುರುವಿನ ಕೆಲಸ. ‘ಹೋಗ್ಯಾನ’ ಎಂಬದನ್ನು ತಪ್ಪೆಂದು ಹೊಡೆದುಹಾಕದೆ, ಅದರ ಪಕ್ಕದಲ್ಲಿ ‘ಹೋಗಿದ್ದಾನೆ’ ಎಂದು ಬರೆದು ತೋರಿಸುವವನು ಆ ಸೇತುವೆಯನ್ನು ಅರ್ಧ ಕಟ್ಟಿದಂತೆಯೇ.

ಪರೀಕ್ಷೆಯ ಭಾಷೆಯು ಮನೆಯ ಭಾಷೆಯಾಗಿರದ ಕಷ್ಟವು ಸುರಪುರ ಸೀಮೆಗೆ ಹೊಸತೂ ಅಲ್ಲ. ಈ ಪ್ರದೇಶವು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದಾಗ ದರಬಾರದ ಭಾಷೆಯು ಉರ್ದುವಾಗಿದ್ದಿತು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಡುವ ಸಾಹಸ ಮಾಡಿತೆಂದು ಇಂದಿಗೂ ಹೊಗಳಿಕೆಗೆ ಪಾತ್ರವಾಗಿರುವದು. ಆ ಹೊಗಳಿಕೆಯು ಯೋಗ್ಯವಾದುದೇ. ಆದರೆ ಆ ದೇಶಭಾಷೆಯು ಉರ್ದು. ಕನ್ನಡ, ತೆಲುಗು, ಮರಾಠಿ ಮನೆಗಳ ಹುಡುಗರು ವೈದ್ಯಶಾಸ್ತ್ರವನ್ನಾಗಲಿ ಇತಿಹಾಸವನ್ನಾಗಲಿ ಅಲ್ಲಿ ಓದಬೇಕಾದರೆ ಮೊದಲು ಉರ್ದು ಬರವಣಿಗೆಯಲ್ಲಿ ಪಳಗಬೇಕಾಗಿದ್ದಿತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಬಳಿಕ ಆ ವಿದ್ಯಾಲಯದಲ್ಲಿ ಇಂಗ್ಲಿಷು ಬಂದಿತು; ೧೯೫೬ರ ನವೆಂಬರ ೧ರಂದು ಈ ಸೀಮೆಯು ಮೈಸೂರು ರಾಜ್ಯದಲ್ಲಿ ಸೇರಿತು. ಅಂದರೆ ಕನ್ನಡದ ಮಗುವು ಹತ್ತನೆಯ ತರಗತಿಯ ವರೆಗಾದರೂ ಕನ್ನಡದಲ್ಲಿಯೇ ಬರೆದು, ಆ ಬರವಣಿಗೆಗೆ ಒಟ್ಟಿನ ಐದನೆಯ ಒಂದು ಪಾಲು ಅಂಕ ಪಡೆಯುವ ಸೌಕರ್ಯವು ಅಜ್ಜಂದಿರ ಕಾಲದಲ್ಲಿ ಇದ್ದದ್ದಲ್ಲ.

ಬರವಣಿಗೆಯನ್ನು ಕಾಲೇಜಿನ ಬಾಗಿಲಿನಲ್ಲಿ ತೂಗಬೇಕೋ ಬೇಡವೋ ಎಂಬ ವಾದವು ಇಲ್ಲಿಯದು ಮಾತ್ರವಲ್ಲ. ಅಮೇರಿಕೆಯಲ್ಲಿ ಕಾಲೇಜು ಸೇರಬಯಸುವವರು ಎಸ್.ಎ.ಟಿ. ಎಂಬ ಪರೀಕ್ಷೆಯನ್ನು ಕೊಡುವ ವಾಡಿಕೆಯುಂಟು. ೨೦೦೧ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್ ಎಂಬವರು ಆ ಪರೀಕ್ಷೆಯನ್ನು ಕಟುವಾಗಿ ಟೀಕಿಸಿದ ಮೇಲೆ, ೨೦೦೫ರಲ್ಲಿ ಅದಕ್ಕೆ ಬರವಣಿಗೆಯ ವಿಭಾಗವೊಂದನ್ನು ಸೇರಿಸಿದರು. ೧೬೦೦ ಇದ್ದ ಒಟ್ಟು ಅಂಕವು ೨೪೦೦ ಆಯಿತು. ವಿದ್ಯಾರ್ಥಿಯು ೨೫ ನಿಮಿಷಗಳಲ್ಲಿ ಒಂದು ಪ್ರಬಂಧವನ್ನು ಬರೆಯಬೇಕು. ಇಬ್ಬರು ಪರೀಕ್ಷಕರು ತಲಾ ೧ರಿಂದ ೬ರ ವರೆಗೆ ಅಂಕ ಕೊಡುವರು. ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಲೆಸ್ ಪೆರೆಲ್ಮನ್ ಎಂಬ ಅಧ್ಯಾಪಕರು ಆ ಪ್ರಬಂಧಗಳನ್ನು ಪರಿಶೀಲಿಸಿ, ಪ್ರಬಂಧವು ಉದ್ದವಾದಷ್ಟೂ ಅಂಕವು ಏರುವದೆಂದೂ, ಸಂಗತಿಗಳು ತಪ್ಪಾಗಿದ್ದರೂ ಅಂಕಕ್ಕೆ ಊನವಾಗುವದಿಲ್ಲವೆಂದೂ ತೋರಿಸಿಕೊಟ್ಟರು. ಕಾಲೇಜುಗಳಲ್ಲಿ ಕೆಲವು ಆ ಅಂಕವನ್ನು ನೋಡಿದವು, ಹಲವು ಬದಿಗಿಟ್ಟವು. ೨೦೧೬ರಲ್ಲಿ ಪ್ರಬಂಧವನ್ನು ಐಚ್ಛಿಕ ಮಾಡಿದರು. ೨೦೨೧ರಲ್ಲಿ ಅದನ್ನು ನಿಲ್ಲಿಸಿರುವದಾಗಿ ಸಾರಿದರು. ಯಾರ ಟೀಕೆಯಿಂದ ಅದು ಹುಟ್ಟಿತೋ ಆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ೨೦೨೦ರಲ್ಲಿ ಇಡೀ ಪರೀಕ್ಷೆಯನ್ನು ಕೈಬಿಡಲು ನಿಶ್ಚಯಿಸಿತು.

ಆದರೆ ಈ ಕಥೆಯ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಪರೀಕ್ಷೆಯನ್ನು ನಡೆಸಿದ ಕಾಲೇಜ್ ಬೋರ್ಡ್ ಸಂಸ್ಥೆಯವರೇ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿನ ಮೊದಲನೆಯ ವರ್ಷದಲ್ಲಿ ವಿದ್ಯಾರ್ಥಿಯು ಹೇಗೆ ನಡೆಯುವನೆಂಬದನ್ನು ಮೂರು ವಿಭಾಗಗಳಲ್ಲಿ ಹೆಚ್ಚು ಚೆನ್ನಾಗಿ ಸೂಚಿಸಿದ್ದು ಬರವಣಿಗೆಯ ವಿಭಾಗವೇ ಎಂದು ಕಂಡುಬಂದಿತು. ವ್ಯಾಕರಣ, ವಾಕ್ಯಶುದ್ಧಿಗಳ ಪ್ರಶ್ನೆಗಳೂ ಆ ವಿಭಾಗದಲ್ಲಿದ್ದವು ಎಂಬದು ನಿಜ. ಹಾಗಿದ್ದರೂ ವಿಷಯವು ಮನನಯೋಗ್ಯವಾಗಿರುವದು. ಬಾಗಿಲಿನಲ್ಲಿ ತೂಗಲು ಕಷ್ಟವಾದ ಗುಣವೇ ಒಳಗೆ ಹೋದ ಮೇಲೆ ಕೈಹಿಡಿಯುವ ಗುಣವಾಗಿದ್ದಿತು.

ಇದನ್ನೆಲ್ಲ ಕೇಳಿ, ಸಿ.ಇ.ಟಿ.ಯಲ್ಲಿಯೂ ಒಂದು ಪ್ರಬಂಧವನ್ನು ಬರೆಯಿಸಿ ಶ್ರೇಣಿಗೆ ಸೇರಿಸಬಾರದೇಕೆ ಎಂದು ಉತ್ಸಾಹಿಗಳು ಕೇಳಬಹುದು. ಹಾಗೆ ಮಾಡುವದು ಹಳ್ಳಿಯ ಮಕ್ಕಳಿಗೆ ಹಿತವಾಗದು. ಲಕ್ಷಗಟ್ಟಲೆ ಪ್ರಬಂಧಗಳನ್ನು ಕೆಲವೇ ದಿನಗಳಲ್ಲಿ ಅಳೆಯುವಾಗ ಒಬ್ಬ ಪರೀಕ್ಷಕನ ಏಳು ಇನ್ನೊಬ್ಬನ ಐದಾಗುವದು. ಒಂದೊಂದು ಅಂಕಕ್ಕೆ ನೂರಾರು ಶ್ರೇಣಿಗಳು ಹಿಂದುಮುಂದಾಗುವ ಕಡೆಯಲ್ಲಿ ಅಂತಹ ತಕ್ಕಡಿಯನ್ನು ಯಾರು ನಂಬಿಯಾರು? ಪ್ರಬಂಧದ ಸಿದ್ಧ ಅಚ್ಚುಗಳನ್ನು ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಮೊದಲು ತೆರೆದಾವೇ ಹೊರತು ಕಕ್ಕೇರಾದಲ್ಲಿ ಅಲ್ಲ. ವರ್ತುಲಕ್ಕೆ ಮಸಿ ತುಂಬುವ ಪರೀಕ್ಷೆಯು ಒಣಗಿದ್ದರೂ ಅದಕ್ಕೆ ಮಗುವಿನ ಅಪ್ಪ ಯಾರು, ಉಚ್ಚಾರವೆಂಥದು ಎಂಬದು ತಿಳಿಯುವದಿಲ್ಲ. ಆ ಗುಣವನ್ನು ಕೆಡಿಸಿಕೊಳ್ಳಬಾರದು. ಬರವಣಿಗೆಯನ್ನು ಅಳೆಯತಕ್ಕ ಸ್ಥಳವು ಶಾಲೆ. ಹತ್ತು ವರ್ಷ ಮಗುವನ್ನು ಕಂಡ ಶಾಲೆಯ ಕಡೆಯ ಪರೀಕ್ಷೆಯಲ್ಲಿ ಅದು ಅಳೆಯಲ್ಪಡುತ್ತಲೂ ಇದೆ.

ಅಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪದವಿ ತರಗತಿಗಳಿಗಾಗಿ ೨೦೨೨ರಿಂದ ಬಂದ ಸಿ.ಯು.ಇ.ಟಿ. ಪರೀಕ್ಷೆಯಲ್ಲಿ ಕನ್ನಡವೂ ಒಂದು ಭಾಷೆಯಾಗಿ ಉಂಟು. ಅಲ್ಲಿಯೂ ಓದಿ ಅರ್ಥಮಾಡಿಕೊಂಡು ಉತ್ತರವನ್ನು ಆರಿಸುವದೇ ಹೊರತು ಬರೆಯುವದಿಲ್ಲ. ಓದುವ ಅಭ್ಯಾಸವಿದ್ದವನಿಗೆ ಅದು ಸುಲಭ.

ಬರವಣಿಗೆಯು ಮತ್ತೆ ತನ್ನ ಪೂರ್ಣ ತೂಕದೊಂದಿಗೆ ಎದುರಾಗುವದು ಕಾಲೇಜನ್ನು ದಾಟಿದ ಮೇಲೆ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯು ಕ್ಯಾಟ್ ಪರೀಕ್ಷೆಯಲ್ಲಿ ಆರಿಸಿದವರನ್ನು ಕರೆದು, ಸಂದರ್ಶನದ ಜೊತೆಯಲ್ಲಿ ಬರೆಯಿಸಿಯೂ ನೋಡುವದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ೧೯೯೩ರಿಂದ ಪ್ರಬಂಧಕ್ಕೆಂದೇ ಒಂದು ಪತ್ರಿಕೆಯಿದ್ದು, ೨೦೧೩ರಿಂದ ಅದಕ್ಕೆ ೨೫೦ ಅಂಕಗಳು. ಒಟ್ಟು ೨೦೨೫ ಅಂಕಗಳಲ್ಲಿ ಅದು ಸುಮಾರು ಎಂಟನೆಯ ಒಂದು ಪಾಲಾಯಿತು. ಅದನ್ನು ಕನ್ನಡದಲ್ಲಿ ಬರೆಯಬಹುದು. ಅದಲ್ಲದೆ ಭಾರತೀಯ ಭಾಷೆಯೊಂದರ ೩೦೦ ಅಂಕಗಳ ಪತ್ರಿಕೆಯಲ್ಲಿ ಶೇಕಡಾ ೨೫ ಬಾರದವನ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವದಿಲ್ಲ. ಕರ್ನಾಟಕ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿಯೂ ೨೫೦ ಅಂಕಗಳ ಪ್ರಬಂಧವುಂಟು. ಈ ಆಯೋಗದ ವಿಷಯದಲ್ಲಿ ೨೦೨೪ರಲ್ಲಿ ಒಂದು ಪ್ರಸಂಗವು ನಡೆಯಿತು. ಆಗಸ್ಟ್ ೨೭ರಂದು ನಡೆದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ಅನುವಾದವು ಎಷ್ಟು ದೋಷಯುಕ್ತವಾಗಿದ್ದಿತೆಂದರೆ, ಕನ್ನಡದಲ್ಲಿ ಓದಿದವರು ಬೀದಿಗಿಳಿದು, ಸರಕಾರವು ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ ೨೯ರಂದು ನಡೆದ ಆ ಮರುಪರೀಕ್ಷೆಯ ಅನುವಾದದ ಮೇಲೂ ದೂರುಗಳು ಬಂದವು. ಪರೀಕ್ಷಿಸುವವರ ಬರವಣಿಗೆಯೇ ಕೆಟ್ಟರೆ ಪರೀಕ್ಷೆ ಕೊಡುವವರ ಗತಿಯೇನು! ಕನ್ನಡದಲ್ಲಿ ಒಂದು ಪ್ರಶ್ನೆಯನ್ನು ಅರ್ಥವಾಗುವಂತೆ ಬರೆಯಬಲ್ಲ ಕೈಗಳು ರಾಜಧಾನಿಯಲ್ಲಿಯೂ ಎಷ್ಟು ವಿರಳವೆಂಬದು ಅಂದು ಬಯಲಾಯಿತು. ಆ ಕೈಗಳು ಸುರಪುರದ ಕಡೆಯಿಂದ ಏಕೆ ಬರಬಾರದು?

ಹಾಗಾದರೆ ಮಗುವಿಗೆ ಏನು ಹೇಳಬೇಕು? ಸುಳ್ಳನ್ನು ಹೇಳಬಾರದು. ಪಿ.ಯು.ಸಿ. ವಿಜ್ಞಾನ ಓದುವ ಹುಡುಗಿಗೆ, ಕನ್ನಡದಲ್ಲಿ ನೂರು ತೆಗೆದರೆ ವೈದ್ಯಕೀಯ ಸ್ಥಳ ದೊರೆಯುವದೆಂದು ಹೇಳಿದರೆ ಆಕೆ ಮೋಸಹೋಗುವಳು; ಆ ಎರಡು ವರ್ಷಗಳಲ್ಲಿ ಭಾಷೆಗೆ ಉತ್ತೀರ್ಣಳಾಗುವಷ್ಟು, ಅದಕ್ಕಿಂತ ತುಸು ಹೆಚ್ಚು ಸಮಯ ಕೊಟ್ಟರೆ ತಪ್ಪಿಲ್ಲ. ಆದರೆ ಎಂಟನೆಯ, ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿರುವ ಮಗುವಿಗೆ ಅದೇ ಮಾತನ್ನು ಹೇಳಿ ಕನ್ನಡದ ನೋಟುಬುಕ್ಕನ್ನು ಮುಚ್ಚಿಸುವವರು ಆ ಮಗುವಿನ ಕೈಯಿಂದ ಐದನೆಯ ಒಂದು ಪಾಲು ಅಂಕವನ್ನು ತಾವೇ ಕಸಿದುಕೊಳ್ಳುವರು. ಮುಂದಿನ ಬಾಗಿಲಿನ ನಿಯಮವನ್ನು ಹಿಂದಿನ ಬಾಗಿಲಿಗೆ ಹಚ್ಚುವದೇ ಈ ಸೀಮೆಯ ತಾಯಿತಂದೆಗಳು ಮಾಡುತ್ತಿರುವ ದೊಡ್ಡ ತಪ್ಪು.

ಅಭ್ಯಾಸವು ಹೇಗಿರಬೇಕೆಂದರೆ, ಮೊದಲನೆಯದಾಗಿ ಅದು ಗೈಡುಗಳ ಪ್ರಬಂಧಗಳನ್ನು ಉರು ಹಚ್ಚುವದಾಗಿರಬಾರದು. ಪ್ರಶ್ನಪತ್ರಿಕೆಯಲ್ಲಿ ಪತ್ರಲೇಖನವಿರುವದು, ಪ್ರಬಂಧವಿರುವದು, ಗಾದೆಯ ವಿಸ್ತರಣವಿರುವದು. ಪತ್ರ ಬರೆಯಲು ಕಾಲ್ಪನಿಕ ವಿಳಾಸವೇಕೆ? ಓಣಿಯ ನಳದಲ್ಲಿ ನೀರು ಬಾರದಿದ್ದರೆ ಪುರಸಭೆಯ ಮುಖ್ಯಾಧಿಕಾರಿಗೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಡೆಯ ಹೊಲಕ್ಕೆ ಮುಟ್ಟದಿದ್ದರೆ ನೀರಾವರಿಯ ಕಚೇರಿಗೆ, ಮಗುವಿನ ಕೈಯಿಂದಲ್ಲವೇ ಅರ್ಜಿಯನ್ನು ಬರೆಯಿಸತಕ್ಕದ್ದು? ಗಾದೆಗಳಿಗೆ ಅಜ್ಜಿಗಿಂತ ಉತ್ತಮ ಗೈಡು ಇಲ್ಲ. ಆಕೆ ಹೇಳಿದ್ದನ್ನು ಹೇಳಿದಂತೆ ಒಂದು ಸಲ, ಪುಸ್ತಕದ ಕನ್ನಡದಲ್ಲಿ ಇನ್ನೊಂದು ಸಲ ಬರೆದರೆ ಎರಡು ಕನ್ನಡಗಳ ಗಂಟೂ ಬಿಚ್ಚುವದು. ದುಡಿಯಲು ಪರಊರಿಗೆ ಹೋದ ತಂದೆಗೆ ಫೋನು ಮಾಡುವ ಮಗುವು ವಾರಕ್ಕೊಂದು ಕಾಗದವನ್ನೂ ಬರೆಯಲಿ. ವಿಜ್ಞಾನದ ಉತ್ತರವನ್ನೂ ಕನ್ನಡದ ಗುರುಗಳಿಗೆ ಒಮ್ಮೆ ತೋರಿಸಲಿ. ಮಠಗಳ ಆಶ್ರಯದಲ್ಲಿ ಮಕ್ಕಳು ಉಂಡು ಮಲಗುವ ಕಡೆಗಳಲ್ಲಿ ಸಾಯಂಕಾಲದ ಪ್ರಾರ್ಥನೆಯ ಬಳಿಕ ಅರ್ಧ ತಾಸು ಬರವಣಿಗೆಗೆ ಇಡುವದು ಕಷ್ಟದ ಕೆಲಸವಲ್ಲ. ಕಷ್ಟವಿರುವದು ಬರೆದದ್ದನ್ನು ದಿನಾಲು ತಿದ್ದುವದರಲ್ಲಿ. ನಿವೃತ್ತರಾದ ಶಿಕ್ಷಕರು ಪ್ರತಿ ಊರಿನಲ್ಲಿಯೂ ಇರುವರು. ಅವರಿಗೆ ಕನ್ನಡಕವೂ ಇರುವದು, ಹೊತ್ತೂ ಇರುವದು. ದಾಸೋಹಕ್ಕೆ ಅಕ್ಕಿಯನ್ನು ಕೊಡುವವರಂತೆ ಅವರು ವಾರಕ್ಕೆರಡು ಸಾಯಂಕಾಲಗಳನ್ನು ಕೊಡಬಹುದು.

ಕಡೆಯದಾಗಿ ಒಂದು ವ್ಯವಹಾರದ ಮಾತು. ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿಯು ಬಂದಿರುವದು. ಪರೀಕ್ಷೆ ಒಂದರಲ್ಲಿ ಎಡವಿದವನು ಅದೇ ಬೇಸಗೆಯಲ್ಲಿ ಎರಡನೆಯದನ್ನು ಬರೆಯಬಹುದು. ಉತ್ತೀರ್ಣನಾದವನೂ ಅಂಕಗಳನ್ನು ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದು ಹೆಚ್ಚೋ ಅದೇ ಉಳಿಯುವದು. ಉತ್ತರಪತ್ರಿಕೆಯ ನಕಲನ್ನು ತರಿಸಿ ನೋಡುವದಕ್ಕೂ ಮರುಮೌಲ್ಯಮಾಪನವನ್ನು ಬೇಡುವದಕ್ಕೂ ಅವಕಾಶವಿದೆ. ಬರೆದು ಉತ್ತರಿಸುವ ಪತ್ರಿಕೆಗಳಲ್ಲಿ ಇಂತಹ ಪರಿಶೀಲನೆಗೆ ಅರ್ಥವಿರುವದು; ಬಿಟ್ಟುಹೋದ ಪುಟ, ಕೂಡಿಸದ ಅಂಕ, ಅವಸರದಲ್ಲಿ ಕಡಿಮೆಯಾದ ಎರಡು ಅಂಕ ಅಲ್ಲಿ ಹೊರಬೀಳಬಹುದು. ಫಲಿತಾಂಶ ಬಂದ ದಿನವೇ ಮಗುವಿನ ಚೀಲವನ್ನು ಗೂಟಕ್ಕೆ ತೂಗುಹಾಕಿ ಬಸ್ಸಿನ ಟಿಕೇಟು ತೆಗೆಯಿಸುವ ಮೊದಲು, ಶಾಲೆಯ ಮುಖ್ಯಗುರುಗಳ ಬಳಿಗೆ ಹೋಗಿ ಎರಡನೆಯ ಪರೀಕ್ಷೆಗೆ ಹೆಸರು ಕೊಡುವ ಕಡೆಯ ದಿನಾಂಕ ಯಾವುದೆಂದು ಕೇಳಿಕೊಂಡು ಬರುವದು ಪ್ರತಿಯೊಬ್ಬ ತಾಯಿತಂದೆಯ ಕೈಯಲ್ಲಿಯೇ ಇರುವದು. ಆ ದಿನಾಂಕವು ಫಲಿತಾಂಶದ ಬೆನ್ನಿಗೇ, ಕೆಲವೇ ದಿನಗಳಲ್ಲಿ ಬರುವದು.